ಉಡಾಳ

ಹಳಿಯಾಳದ ಪೇಟೆಯಲ್ಲಾಗಲಿ ಮುಂಡಗೋಡದ ಸಂತೆಯಲ್ಲಾಗಲಿ, ತಂದೆಯಾದವನು ತನ್ನ ಹರೆಯದ ಮಗನನ್ನು ಕುರಿತು "ಭಾಳ ಉಡಾಳ ಆಗ್ಯಾನ್ರೀ" ಎಂದು ನೆರೆಯವರಲ್ಲಿ ಹೇಳಿಕೊಳ್ಳುವಾಗ, ಆ ಮಾತಿನ ಮೈಯೆಲ್ಲ ದೂರೇ ಆಗಿದ್ದರೂ ಅದರ ತುದಿಯಲ್ಲಿ ತುಸು ಅಭಿಮಾನವೂ ಅಂಟಿಕೊಂಡಿರುವುದನ್ನು ಕಿವಿಯುಳ್ಳವರು ಗುರುತಿಸದೆ ಇರಲಾರರು. ಪುಂಡನೆಂದರೆ ಪರಪೀಡೆಯ ವಾಸನೆ ಬರುತ್ತದೆ. ಉದ್ಧಟನೆಂಬುದು ಅಧಿಕಾರದ ಕುರ್ಚಿಯಿಂದಲೇ ಇಳಿದುಬರುವ ಪದ. ಮೊಂಡನೆಂದರೆ ಅಲ್ಲಿಗೆ ಮಾತೇ ಮುಗಿಯಿತು. ಉಡಾಳನಾದರೋ ಇನ್ನೂ ತೀರ್ಪಾಗದ ಆಸಾಮಿ. ಮೈಯಲ್ಲಿ ಕಸುವುಂಟು, ತಲೆಯಲ್ಲಿ ಪ್ರಶ್ನೆಯುಂಟು, ಕೈಗೆ ಮಾತ್ರ ತಕ್ಕ ಕೆಲಸವಿಲ್ಲ. ಎಪ್ಪತ್ತು ದಾಟಿದ ಗಂಡನನ್ನು ಸಹ "ಇನ್ನೂ ಉಡಾಳಕಿ ಬಿಟ್ಟಿಲ್ಲ" ಎಂದು ಅಜ್ಜಿಯರು ಛೇಡಿಸುವುದುಂಟು. ಹಾಗೆ ಬಳಸಲು ಬರುವ ಬೈಗುಳವು ಅರ್ಧ ಮುದ್ದೇ ಸರಿ. (ಇದೇ ಸ್ವಭಾವವು ಹುಡುಗಿಯಲ್ಲಿ ಕಂಡೊಡನೆ ನಮ್ಮವರು ಈ ಮೃದುವಾದ ಪದವನ್ನು ಬದಿಗಿಟ್ಟು 'ಗಂಡುಬೀರಿ' ಎಂದುಬಿಡುತ್ತಾರೆ, ಈ ಪಕ್ಷಪಾತಕ್ಕೆ ನಾನು ಸಮರ್ಥನೆ ಹುಡುಕಲಾರೆ.)

ಆದರೆ ಒಲ್ಲೆನೆಂಬುದೆಲ್ಲವೂ ಉಡಾಳಕಿಯಲ್ಲವೆಂಬ ವಿವೇಕವನ್ನೂ ಈ ಸೀಮೆಯೇ ಕಲಿಸುತ್ತದೆ. ಈಗಿನ ಜೋಯಿಡಾ ತಾಲೂಕು ಸೂಪಾ ಎನಿಸಿಕೊಂಡಿದ್ದ ಕಾಲದಲ್ಲಿ, 1857ರ ಮಹಾಕ್ಷೋಭೆಯ ಬೆನ್ನಿಗೇ, ಫಡಣೀಸ ಸಹೋದರರೊಡನೆಯೂ ಸಾವಂತವಾಡಿಯ ಕಡೆಯವರೊಡನೆಯೂ ಕೂಡಿಕೊಂಡು ಇಲ್ಲಿಯ ಕಾಡುಗಳಲ್ಲಿ ಕಾದಾಡಿದ ಸಿದ್ದಿ ಬಾಸ್ತಿಯನ್ ಎಂಬಾತನು ಆಂಗ್ಲ ಸರಕಾರದ ಪಾಲಿಗೆ ಕೇವಲ ಬಂಡುಖೋರನಾಗಿದ್ದನು. 1859ರಲ್ಲಿ ಆತನು ಮಡಿದನು. ಪೋರ್ತುಗೀಜರು ಆಫ್ರಿಕೆಯಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಬಂದು ಸೇರಿದ ಅರಣ್ಯದಲ್ಲಿ, ಆ ಸಿದ್ದಿ ಕುಲದವನೊಬ್ಬನು ಹೊಸ ಒಡೆಯನನ್ನು ಒಲ್ಲೆನೆಂದುದು ಸ್ವಭಾವದೋಷವೆ? ಅತ್ತ ದಾಂಡೇಲಿಗೆ ಹೆಸರು ಬಂದುದು ಸ್ವಾಮಿನಿಷ್ಠ ಸೇವಕನಾದ ದಾಂಡೇಲಪ್ಪನಿಂದೆಂಬ ಐತಿಹ್ಯವಿದೆ. ನಿಷ್ಠನು ಊರಿನ ಹೆಸರಾದನು. ವಿರೋಧಿಯು ಕಡತದ ಸಾಲಾದನು. ಆದಕಾರಣ ಹುಡುಗನನ್ನು ತಿದ್ದಹೊರಟವರು ಆತನು ಒಲ್ಲೆನೆನ್ನುತ್ತಿರುವುದು ಯಾವುದನ್ನು ಎಂದು ಮೊದಲು ವಿಚಾರಿಸತಕ್ಕದ್ದು. ಆ ವಿಚಾರಣೆಯಲ್ಲಿ ಕೆಲವೊಮ್ಮೆ ತಿದ್ದಿಕೊಳ್ಳಬೇಕಾದವರು ಹಿರಿಯರೇ ಎಂದು ತೇಲುವುದೂ ಉಂಟು.

ಹಾಗೆ ವಿಚಾರಿಸಿದ ಮೇಲೂ ಉಡಾಳರಾಗಿಯೇ ಉಳಿದವರಿಗೆ ಹಳಿಯಾಳದಲ್ಲಿ ಗರಡಿಯಿದೆ. ಕುಸ್ತಿಗೆ ಹೆಸರಾದ ಊರು ಅದು. ಕುಸ್ತಿ ಕಲಿಸುವ ಸರಕಾರಿ ಕ್ರೀಡಾ ವಸತಿನಿಲಯವೂ ಅಲ್ಲುಂಟು, ಈಗ ಹುಡುಗಿಯರೂ ಅಖಾಡಕ್ಕೆ ಇಳಿಯುತ್ತಾರೆ. ಗರಡಿಯ ವಸ್ತಾದನು ಹೊಸದಾಗಿ ಬಂದ ಉಡಾಳನಿಗೆ ಉಪದೇಶ ಮಾಡುವುದಿಲ್ಲ; ಗುದ್ದಲಿಯನ್ನು ಕೈಗೆ ಕೊಟ್ಟು ಮಣ್ಣು ಅಗೆಯಲು ಹೇಳುತ್ತಾನೆ. ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಉಂಡ ಆ ಕೆಂಪು ಮಣ್ಣನ್ನು ಬುಡಮೇಲು ಮಾಡಿ ಹದಕ್ಕೆ ತರುವಷ್ಟರಲ್ಲಿ ಹುಡುಗನ ತೋಳಿನ ಅರ್ಧ ಸೊಕ್ಕು ಬೆವರಾಗಿ ಹರಿದಿರುತ್ತದೆ. ಆಮೇಲೆ ದಂಡ, ಬಸ್ಕಿ, ಆಮೇಲೆ ಜೋಡಿಯೊಡನೆ ಪಟ್ಟು. ಏಕೆ ಅಗೆಯಬೇಕೆಂದು ಅವನು ಕೇಳುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಅಗೆಯದೆ ಗಟ್ಟಿಯಾಗಿ ಬಿಟ್ಟ ನೆಲದ ಮೇಲೆ ಚಿತ್ತಾಗಿ ಬಿದ್ದವನ ಬೆನ್ನಿಗೆ ಬುದ್ಧಿವಾದದ ಆವಶ್ಯಕತೆಯಿಲ್ಲ. ಎದುರಾಳಿಯ ಅಂಗೈಗೆ ಮಣ್ಣು ಕೊಟ್ಟು ಕೈ ಕುಲುಕಿದ ನಂತರವೇ ಅವನನ್ನು ಕೆಡಹಬೇಕೆಂಬ ಮರ್ಯಾದೆಯನ್ನು ಉಡಾಳನೂ ಗೊಣಗದೆ ಪಾಲಿಸುತ್ತಾನೆ. ಅಪ್ಪನ ಆಜ್ಞೆಗೆ ಬಗ್ಗದವನು ಇಲ್ಲಿ ಬಗ್ಗುವುದೇತಕ್ಕೆಂದರೆ, ಇಲ್ಲಿಯ ನಿಯಮವು ವಸ್ತಾದನಿಗೂ ಅದೇ, ಅವನಿಗೂ ಅದೇ.

ಮೈಯಿಗಿಂತ ನಾಲಗೆ ಮುಂದಾಗಿರುವ ಉಡಾಳರ ಜಾತಿ ಬೇರೆ. ಅಂಥವರನ್ನು ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಒಮ್ಮೆ ಕರೆದೊಯ್ಯಬೇಕು. 1966ರಿಂದ ಅಲ್ಲಿ ನೆಲೆಸಿರುವ ನಿರಾಶ್ರಿತರ ಗಾಂದೆನ್, ಡ್ರೆಪುಂಗ್ ಮಠಗಳ ಅಂಗಳದಲ್ಲಿ ನಿತ್ಯದ ವಾದ ನಡೆಯುವಾಗ, ಉತ್ತರ ಹೇಳುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಪ್ರಶ್ನೆಯನ್ನು ಎಸೆಯುತ್ತಾನೆ. ಎದುರುನುಡಿಯುವುದೇ ಅಲ್ಲಿ ಪಾಠ. ನಮ್ಮ ಶಾಲೆಗಳಲ್ಲಿ ಇದರ ಕಾಲುಭಾಗ ಮಾಡಿದವನು ತರಗತಿಯ ಹೊರಗೆ ನಿಂತಿರುತ್ತಾನೆ.

ಉಡಾಳರ ಇಂಥ ಶಕ್ತಿಯನ್ನು ಕಾಳಿನದಿಯಂತೆ ಕಟ್ಟಿ ನಿಲ್ಲಿಸಿ ವಿದ್ಯುತ್ತು ತೆಗೆಯಬೇಕೆಂದು ನಮ್ಮ ಭಾಗದ ಭಾಷಣಕಾರರು ಉಪಮಿಸುವುದನ್ನು ಕೇಳಿದ್ದೇನೆ. ಆ ಉಪಮೆಗೆ ನನ್ನ ಒಪ್ಪಿಗೆಯಿಲ್ಲ. ಗಣೇಶಗುಡಿಯ ಬಳಿ ಎದ್ದುನಿಂತ 101 ಮೀಟರು ಎತ್ತರದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿ, ಅದರ ಮಕ್ಕಳು ರಾಮನಗರ ಮೊದಲಾದೆಡೆಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ಹುಡುಗನಿಂದ ದುಡಿಮೆಯನ್ನು ಪಡೆದು ಅವನೊಳಗಿನ ಪ್ರಶ್ನೆಯನ್ನು ಮುಳುಗಿಸುವ ಶಿಸ್ತು ಬಹಳ ಮನೆಗಳಲ್ಲಿ ಈಗಲೂ ನಡೆದಿದೆ, ಮತ್ತು ಅದಕ್ಕೆ ಸಂಸ್ಕಾರವೆಂಬ ಹೆಸರೂ ಇದೆ.

ಮಾಸ್ತರರಲ್ಲಿ ನನ್ನ ಬಿನ್ನಹವಿಷ್ಟೆ: ಶಾಲೆಯ ದಫ್ತರದಲ್ಲಿ ಯಾವನಾದರೊಬ್ಬ ಹುಡುಗನ ಹೆಸರಿನ ಮುಂದೆ 'ಉದ್ಧಟ' ಎಂದು ಬರೆಯಲೇಬೇಕಾಗಿ ಬಂದರೆ, ಆ ದಿನ ಅವನು ಕೇಳಿದ ಪ್ರಶ್ನೆ ಏನೆಂಬುದನ್ನೂ ಅದೇ ಸಾಲಿನಲ್ಲಿ ಬರೆದಿಡಿ.