ಹಾರಿಹೋದ ಗಿಳಿಯ ಹುಡುಕಾಟ

ಸಂಜೆಯ ಹೊತ್ತಿನಲ್ಲಿ ಗುತ್ತೂರಿನ ಬಯಲಿಗೆ ಬಂದು ನಿಂತು ನೋಡಿರಿ. ಹೊಲಗಳ ಮೇಲಿನಿಂದ ಹಸುರು ಗಿಳಿಗಳು ಕಿರಿಚುತ್ತ ತುಂಗಭದ್ರೆಯ ಕಡೆಗೆ ಹಾರುತ್ತವೆ. ಯಾರದೋ ಮನೆಯ ಪಂಜರದಿಂದ ಬೆಳಗ್ಗೆ ತಪ್ಪಿಸಿಕೊಂಡ ಗಿಳಿಯೊಂದು ಆ ಹಿಂಡಿನಲ್ಲಿದ್ದರೆ ಗುರುತಿಸುವುದು ಹೇಗೆ? ಬಣ್ಣ ಒಂದೇ, ಕೊಕ್ಕು ಒಂದೇ. ಹುಡುಕುವವರು ಕಣ್ಣಿಗಿಂತ ಕಿವಿಯನ್ನೇ ನಂಬಬೇಕು.

ತಪ್ಪಿಸಿಕೊಂಡ ಗಿಳಿಯ ಕಥೆ ನಮಗೆ ಹೊಸದಲ್ಲ. 7ನೆಯ ಶತಮಾನದ ಬಾಣಕವಿ ಆರಂಭಿಸಿ, ಅವನ ಮಗ ಮುಗಿಸಿದ 'ಕಾದಂಬರಿ'ಯನ್ನು ಒಂದನೆಯ ನಾಗವರ್ಮನು ಕನ್ನಡಕ್ಕೆ ತಂದನು. ಅದರಲ್ಲಿ ವೈಶಂಪಾಯನನೆಂಬ ಗಿಳಿ ರೆಕ್ಕೆ ಬಲಿತೊಡನೆ ಜಾಬಾಲಿಮುನಿಯ ಆಶ್ರಮದಿಂದ ಮಹಾಶ್ವೇತೆಯನ್ನು ಅರಸಿ ಹಾರುತ್ತದೆ. ದಾರಿಯಲ್ಲಿ ದಣಿದು ಮಲಗಿದಾಗ ಬಲೆಗೆ ಸಿಕ್ಕಿ, ಕೊನೆಗೆ ಶೂದ್ರಕರಾಜನ ಸಭೆ ಸೇರಿ ತನ್ನ ಪೂರ್ವಕಥೆಯನ್ನೆಲ್ಲ ತಾನೇ ಹೇಳುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಶುಕಭಾಷಿಣಿಯನ್ನಂತೂ ನೀವು ಕಂಡೇ ಇರುತ್ತೀರಿ. ಗಿಳಿಯೊಡನೆ ಮಾತಾಡುವುದು ಹೊಯ್ಸಳರ ಕಾಲದಲ್ಲಿಯೂ ಮನೆಯ ಸೊಗಸುಗಳಲ್ಲಿ ಒಂದಾಗಿತ್ತೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಕಥೆಯ ಗಿಳಿಯಂತೆ ನಿಜವಾದ ಗಿಳಿಯೂ ತನ್ನ ವಿಳಾಸವನ್ನು ಹೇಳಿದ್ದುಂಟು. 2008ರಲ್ಲಿ ಜಪಾನಿನ ಟೋಕಿಯೋ ನಗರದ ಸಮೀಪ ಮನೆಯೊಂದರ ಮೇಲೆ ಕುಳಿತಿದ್ದ ಆಫ್ರಿಕದ ಬೂದುಗಿಳಿಯನ್ನು ಪೊಲೀಸರು ಹಿಡಿದರು. ಠಾಣೆಯಲ್ಲಿ ಅದು ತುಟಿಪಿಟಕ್ಕೆನ್ನಲಿಲ್ಲ. ಪಶುವೈದ್ಯರ ಬಳಿ ಬಿಟ್ಟ ಮೇಲೆ ತನ್ನ ಹೆಸರನ್ನೂ ಮನೆಯ ವಿಳಾಸವನ್ನೂ ಒಪ್ಪಿಸಿತು! ಮನೆಯವರು ಕಲಿಸಿದ್ದ ಪಾಠ ಫಲಿಸಿತು.

ನಮ್ಮ ತುಮಕೂರಿನಲ್ಲಿ 2022ರ ಜುಲೈನಲ್ಲಿ ಇಂಥದೇ ಗಿಳಿಯೊಂದು ಮನೆಯಿಂದ ಹಾರಿಹೋಯಿತು. ಹಿಂದಿನವರು ಡಂಗುರ ಸಾರುತ್ತಿದ್ದರು. ಈ ಮನೆಯವರು ಊರ ತುಂಬ ಭಿತ್ತಿಪತ್ರ ಹಚ್ಚಿಸಿ 50,000 ರೂಪಾಯಿ ಬಹುಮಾನ ಸಾರಿದರು. ಕೆಲವೇ ದಿನಗಳಲ್ಲಿ ಗಿಳಿ ಅದೇ ಊರಿನಲ್ಲಿ ಸಿಕ್ಕಿತು. ಅದನ್ನು ಕಂಡು ಜೋಪಾನ ಮಾಡಿದ್ದವರು ಭಿತ್ತಿಪತ್ರ ನೋಡಿ ತಂದೊಪ್ಪಿಸಿದರು. ಸಂತೋಷದಲ್ಲಿ ಮನೆಯವರು ಕೊಟ್ಟದ್ದು 85,000 ರೂಪಾಯಿ.

ಹಾರಿದ ಗಿಳಿ ತಾನಾಗಿ ಏಕೆ ಹಿಂದಿರುಗುವುದಿಲ್ಲವೆಂದು ನೀವು ಕೇಳಬಹುದು. ಮನೆ ಸೇರುವ ಪಾರಿವಾಳದ ವಿದ್ಯೆ ಅದಕ್ಕಿಲ್ಲ. ಅದು ಮನೆಯನ್ನು ಒಳಗಿನಿಂದ ಬಲ್ಲದು, ಹೊರಗಿನಿಂದ ಕಂಡಿಲ್ಲ. ಬೆದರಿ ಎತ್ತರದ ಕೊಂಬೆಗೆ ಏರಿದರೆ ಕೆಳಗಿಳಿಯುವ ಅಭ್ಯಾಸವೂ ಅದಕ್ಕಿರುವುದಿಲ್ಲ. ಆದುದರಿಂದ ಅದರ ಪಂಜರವನ್ನು ಬಾಗಿಲು ತೆರೆದು ಮಾಳಿಗೆಯ ಮೇಲೆ ಕಾಣುವಂತೆ ಇಡಬೇಕು. ಗಿಳಿಗಳು ಹೆಚ್ಚು ಕೂಗುವ ಮುಂಜಾನೆ, ಸಂಜೆಗಳಲ್ಲಿ ಅದು ಬಲ್ಲ ಮಾತುಗಳನ್ನೇ ಆಡಿ ಕರೆಯಬೇಕು. ನೆರೆಹೊರೆಯವರಿಗೆ ತಡಮಾಡದೆ ತಿಳಿಸಬೇಕು.

ಇನ್ನೊಂದು ಮಾತು. ಈ ಹುಡುಕಾಟಗಳೆಲ್ಲ ಪರದೇಶದ ಬೂದುಗಿಳಿಗಳವು. ನಮ್ಮ ಹೊಲಗಳ ಹಸುರು ಗಿಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಬೂದುಗಿಳಿಗೂ ಕಾಡಿನಲ್ಲಿ ಸುಖವಿರಲಿಲ್ಲ. ಅದರ ಮಾತಿನ ಮೋಹಕ್ಕೆ ಆಫ್ರಿಕದ ಕಾಡುಗಳು ಬರಿದಾಗುತ್ತ ಬಂದುದರಿಂದ, ಕಾಡಿನಿಂದ ಹಿಡಿದ ಬೂದುಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ರಾಷ್ಟ್ರಗಳು ಒಪ್ಪಿದವು. ಮನುಷ್ಯನ ಮಾತನ್ನು ಕಲಿತದ್ದೇ ಗಿಳಿಯ ಬಂಧನಕ್ಕೆ ಕಾರಣವಾಯಿತು. ಕಳೆದುಹೋದಾಗ ಅದನ್ನು ಕಾಪಾಡುವುದೂ ಆ ಮಾತೇ.

ಸಂಜೆಯ ಹಿಂಡಿನ ನಡುವೆ ಎಂದಾದರೂ ಒಂದು ಕನ್ನಡದ ಮಾತು ನಿಮ್ಮ ಕಿವಿಗೆ ಬಿದ್ದರೆ ಸುಮ್ಮನೆ ನಕ್ಕು ಮುಂದೆ ಹೋಗಬೇಡಿರಿ. ಬೂದುಗಿಳಿಯಾದರೆ ಅಕ್ಕಪಕ್ಕದ ಬೀದಿಗಳಲ್ಲಿ ವಿಚಾರಿಸಿರಿ. ಹಸುರು ಗಿಳಿಯಾದರೆ ಅರಣ್ಯ ಇಲಾಖೆಗೆ ತಿಳಿಸಿರಿ. ಕೈತುತ್ತು ತಿಂದು ಬೆಳೆದ ಆ ಹಕ್ಕಿ ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳಲಾರದೆ ಹಸಿದಿರಬಹುದು.