ಪೋರ್ಟನ್ ಡೌನ್

ಪೋರ್ಟನ್ ಡೌನ್: ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯಲ್ಲಿ, ಸಾಲ್ಸ್‌ಬರಿ ನಗರದ ಸಮೀಪದಲ್ಲಿರುವ ಸರ್ಕಾರಿ ಸಂಶೋಧನಾಲಯ. ವಿಷಾನಿಲ ಯುದ್ಧದ ಅಧ್ಯಯನಕ್ಕಾಗಿ 1916ರಲ್ಲಿ ಸ್ಥಾಪಿತವಾದ ಈ ನೆಲೆಯು ಕಾಲಕ್ರಮದಲ್ಲಿ ರಾಸಾಯನಿಕ ಹಾಗೂ ಜೈವಿಕ ಅಸ್ತ್ರಗಳಿಂದ ರಕ್ಷಣೆ ಪಡೆಯುವ ವಿದ್ಯೆಯ ಪ್ರಮುಖ ಕೇಂದ್ರವಾಯಿತು.

1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಮಿನ ಈಪರ್ ರಣರಂಗದಲ್ಲಿ ಜರ್ಮನ್ ಸೇನೆಯು ಹರಿಯಬಿಟ್ಟ ಕ್ಲೋರಿನ್ ಅನಿಲವು ಹಸುರು-ಹಳದಿ ಮೋಡವಾಗಿ ನೆಲವನ್ನು ತಬ್ಬಿಕೊಂಡು ಬಂದು ಕಂದಕಗಳೊಳಗೆ ಇಳಿದಾಗ, ಅದನ್ನು ತಡೆಯಲು ಸೈನಿಕನ ಬಳಿ ಯಾವ ಸಾಧನವೂ ಇರಲಿಲ್ಲ. ಛಾಯಾಗ್ರಾಹಕರ ಹೈಪೋ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಮೂಗು ಬಾಯಿಗಳಿಗೆ ಕಟ್ಟಿಕೊಳ್ಳುವ ಉಪಾಯದಿಂದ ತೊಡಗಿದ ರಕ್ಷಣಾವಿದ್ಯೆಯು, ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹ್ಯಾರಿಸನ್ ಮೊದಲಾದವರ ಪರಿಶ್ರಮದಿಂದ 1916ರ ವೇಳೆಗೆ, ಇದ್ದಿಲು ಮತ್ತು ಸೋಡಾಸುಣ್ಣದ ಹರಳುಗಳನ್ನು ತುಂಬಿದ ಪುಟ್ಟ ಡಬ್ಬಿಯ ಮೂಲಕ ಉಸಿರೆಳೆಯುವ ಮುಖವಾಡವಾಗಿ ಬೆಳೆಯಿತು.

ಪೋರ್ಟನ್ನಿನಲ್ಲಿ ದುಡಿದವರಲ್ಲಿ ಶರೀರಕ್ರಿಯಾಶಾಸ್ತ್ರಜ್ಞ ಜೋಸೆಫ್ ಬಾರ್‌ಕ್ರಾಫ್ಟ್ ಸ್ಮರಣೀಯನು. 1917ರಲ್ಲಿ ಆತನು ಮುಖವಾಡವನ್ನು ಧರಿಸದೆ, ಒಂದು ನಾಯಿಯೊಡನೆ ಹೈಡ್ರೊಜನ್ ಸಯನೈಡ್ ತುಂಬಿದ ಕೋಣೆಯನ್ನು ಹೊಕ್ಕನು; ನಾಯಿ ಬೇಗನೆ ಪ್ರಜ್ಞೆ ತಪ್ಪಿ ಬಿದ್ದರೂ ಆತನು ನಡೆದುಕೊಂಡೇ ಹೊರಬಂದು, ಪ್ರಾಣಿಗಳ ಮೇಲೆ ಕಂಡ ಫಲವನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಲಾಗದೆಂಬುದನ್ನು ತನ್ನ ದೇಹದಿಂದಲೇ ತೋರಿಸಿಕೊಟ್ಟನು.

ಆದರೆ ತಿಳಿದು ತೆತ್ತ ಬೆಲೆ ಬೇರೆ, ತಿಳಿಯದೆ ತೆತ್ತುದು ಬೇರೆ. 1930ರ ದಶಕದಿಂದ ರಾವಲ್ಪಿಂಡಿಯಲ್ಲಿ ಪೋರ್ಟನ್ನಿನ ವಿಜ್ಞಾನಿಗಳು ಭಾರತೀಯ ಸೈನಿಕರನ್ನು ಸಾಸಿವೆ ಅನಿಲದ ಪರೀಕ್ಷೆಗೆ ಒಡ್ಡಿದರು. ಹಲವರ ಚರ್ಮ ಬೆಂದು ಬೊಕ್ಕೆಯೆದ್ದಿತು. 1942ರಲ್ಲಿ ಸ್ಕಾಟ್‌ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಪೋರ್ಟನ್ನಿನವರು ಕುರಿಗಳ ಮೇಲೆ ನಡೆಸಿದ ಆಂಥ್ರಾಕ್ಸ್ ಪ್ರಯೋಗದಿಂದ ನಂಜೇರಿದ ಮಣ್ಣು, 1986ರಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿದ ಕಡಲನೀರಿನಿಂದ ತೊಳೆಯಲ್ಪಟ್ಟು, 1990ರಲ್ಲಷ್ಟೇ ನಿರಪಾಯವೆನಿಸಿತು. 1953ರ ಮೇ 6ರಂದು ಪೋರ್ಟನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ, ತೋಳಿಗೆ ಕಟ್ಟಿದ ಬಟ್ಟೆಯ ಮೇಲೆ ಸಾರಿನ್ ವಿಷದ 200 ಮಿಲಿಗ್ರಾಮ್ ಹನಿಸಿದ ಫಲವಾಗಿ 20 ವರ್ಷದ ವಾಯುಸೈನಿಕನೊಬ್ಬನು ಮಡಿದನು. ತಮಗೆ ನೆಗಡಿಯ ಸಂಶೋಧನೆಯೆಂದು ಹೇಳಲಾಗಿತ್ತೆಂದು ಇಂತಹ ಪ್ರಯೋಗಗಳಿಗೆ ಒಳಗಾದ ಅನೇಕ ಸ್ವಯಂಸೇವಕರು ಮುಂದೆ ನುಡಿದರು. 2004ರಲ್ಲಿ ನಡೆದ ಮರುವಿಚಾರಣೆಯು ಆ ವಾಯುಸೈನಿಕನ ಮರಣವನ್ನು ಕಾನೂನುಬಾಹಿರ ಹತ್ಯೆಯೆಂದು ತೀರ್ಮಾನಿಸಿತು.

1950ರ ದಶಕದಲ್ಲಿ ಬ್ರಿಟನ್ ಆಕ್ರಮಣಕಾರಿ ರಾಸಾಯನಿಕ ಅಸ್ತ್ರಗಳನ್ನು ತ್ಯಜಿಸಿದ ಮೇಲೆ ಸಂಶೋಧನಾಲಯದ ಕಾರ್ಯ ರಕ್ಷಣೆಗೆ ಸೀಮಿತವಾಯಿತು. 1975ರಲ್ಲಿ ಜೈವಿಕಾಸ್ತ್ರ ನಿಷೇಧದ, 1997ರಲ್ಲಿ ರಾಸಾಯನಿಕಾಸ್ತ್ರ ನಿಷೇಧದ ಒಪ್ಪಂದಗಳು ಜಾರಿಗೆ ಬಂದವು. ಕವಚವನ್ನು ರಚಿಸಬೇಕಾದರೆ ವಿಷವನ್ನು ಅರಿಯಲೇಬೇಕು. ಆ ಅರಿವಿಗಾಗಿ ಯಾರ ಮೈಯನ್ನು ಒಡ್ಡಲಾಯಿತು, ಅವರಿಗೆ ಸತ್ಯವನ್ನು ತಿಳಿಸಲಾಗಿತ್ತೇ ಎಂಬುದೂ ಈ ವಿದ್ಯೆಯ ಚರಿತ್ರೆಯಿಂದ ಬೇರ್ಪಡಿಸಲಾಗದ ಭಾಗವಾಗಿದೆ.