ಬೆಂಗಳೂರಿನ ಫೈಬರ್ ಕಾರುಗಳು

1970ರ ದಶಕದಲ್ಲಿ ಹೊಸ ಕಾರು ಬೇಕೆಂದವರಿಗೆ ಸಿಗುತ್ತಿದ್ದದ್ದು ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಮಾತ್ರ. ಫಿಯಟ್‌ಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಇಂಥ ಕಾಲದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ರಸ್ತೆಗಿಳಿಸಿತು. ಮುಂದೆ ಒಂದೇ ಗಾಲಿ, ಹಿಂಬದಿಯಲ್ಲಿ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಮೈಯೆಲ್ಲ ಫೈಬರ್‌ಗ್ಲಾಸ್. ಸ್ಕೂಟರಿಗೆ ಒಪ್ಪುವ ಎಂಜಿನ್ ಇಡೀ ಸಂಸಾರವನ್ನು ಹೊರಬೇಕಿತ್ತು.

1982ರಲ್ಲಿ ಅದೇ ಬಳಗದಿಂದ ‘ಸಿಪಾನಿ ಡಾಲ್ಫಿನ್’ ಬಂತು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನಲ್ಲಿದ್ದ ರಿಲಯಂಟ್ ಕಂಪನಿಯ ‘ಕಿಟನ್’ ಇದರ ಮೂಲ. ಉಕ್ಕಿನ ಚಾಸಿ, ಫೈಬರ್ ಬಾಡಿ, 848 ಸಿಸಿಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್. ಬಾಗಿಲು ಮಾತ್ರ ಎರಡೇ. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಸುಳಬೇಕು.

ಡಾಲ್ಫಿನ್ ಇಟ್ಟುಕೊಂಡವರು ಅದರ ಸ್ವಭಾವ ಅರಿತಿರಲೇಬೇಕಿತ್ತು. ರೇಡಿಯೇಟರಿನ ನೀರು ಇಳಿದದ್ದನ್ನು ಗಮನಿಸದೆ ಓಡಿಸಿದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುವ ಭಯ. ಬಾಡಿಗೆ ಪೆಟ್ಟು ಬಿದ್ದರೆ ಟಿಂಕರಿಂಗ್‌ನವರ ಸುತ್ತಿಗೆ ನಡೆಯದು. ಸೀಳಿದ ಜಾಗವನ್ನು ಉಜ್ಜಿ, ಗಾಜಿನ ನಾರಿನ ಮ್ಯಾಟ್ ಹೊದಿಸಿ, ಹಾರ್ಡನರ್ ಬೆರೆಸಿದ ರೆಸಿನ್ನನ್ನು ಬ್ರಷ್‌ನಿಂದ ಒತ್ತೊತ್ತಿ ಹಚ್ಚಬೇಕು. ಗಟ್ಟಿಯಾದ ಮೇಲೆ ಎಮರಿ ಕಾಗದದಿಂದ ತಿಕ್ಕಿ ಬಣ್ಣ ಹೊಡೆದರೆ ಗಾಯದ ಗುರುತೂ ಉಳಿಯುತ್ತಿರಲಿಲ್ಲ. ಆ ಬಾಡಿಗೆ ತುಕ್ಕೂ ಹಿಡಿಯುತ್ತಿರಲಿಲ್ಲ.

ಆದರೂ ‘ಪ್ಲಾಸ್ಟಿಕ್ ಕಾರು’ ಎಂಬ ಅನುಮಾನ ಜನರ ಮನಸ್ಸಿನಿಂದ ಹೋಗಲಿಲ್ಲ.

ಅನುಮಾನಕ್ಕೆ ಕಾರಣವಾದ ಆ ಹಗುರ ಮೈಯೇ ರೇಸಿನವರಿಗೆ ಇಷ್ಟವಾಯಿತು. ಚೆನ್ನೈ ಬಳಿಯ ಶೋಲಾವರಂನಲ್ಲಿ, ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಡಾಲ್ಫಿನ್‌ಗಳು ಓಡಿದವು. ಸಂತೆಗೂ ಶಾಲೆಗೂ ಹೋಗಿಬರಲು ಮಾಡಿದ ಪುಟ್ಟ ಕಾರಿಗೆ ಇದು ಕಡಿಮೆ ಗೌರವವಲ್ಲ.

1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈ ಗ್ರಾಹಕರ ಕೈಸೇರಿತು. ಉಕ್ಕಿನ ಬಾಡಿ, ಜಪಾನಿನ ಸುಜುಕಿ ತಂತ್ರಜ್ಞಾನ, ನಂಬಿ ಹೊರಡಬಹುದಾದ ಎಂಜಿನ್. ಡಾಲ್ಫಿನ್‌ಗೆ ಬಾಗಿಲು ಹೆಚ್ಚಿಸಿ ‘ಮೊಂಟಾನಾ’ ಮಾಡಿದರೂ ಮಾರುಕಟ್ಟೆ ಮರಳಲಿಲ್ಲ.

ಉಳಿದಿರುವ ಡಾಲ್ಫಿನ್‌ಗಳನ್ನು ಗುಜರಿಗೆ ಹಾಕಬಾರದು. ಓಡುವ ಸ್ಥಿತಿಯಲ್ಲೇ ಕಾಪಾಡಬೇಕು. ಅದು ಆಗದ ಕೆಲಸವೂ ಅಲ್ಲ. ಇದೇ 848 ಸಿಸಿ ಎಂಜಿನ್ ಬ್ರಿಟನ್ನಿನ ಮೂರು ಚಕ್ರದ ‘ರಾಬಿನ್’ ಕಾರುಗಳಲ್ಲೂ ಇತ್ತು. ಅವುಗಳ ಅಭಿಮಾನಿಗಳು ಅಲ್ಲಿ ಇನ್ನೂ ಇರುವುದರಿಂದ ಗ್ಯಾಸ್ಕೆಟ್, ಪಿಸ್ಟನ್‌ಗಳನ್ನು ಅಲ್ಲಿಂದ ತರಿಸಬಹುದು. ಮ್ಯಾಟು, ರೆಸಿನ್ನು ಬೆಂಗಳೂರಿನಲ್ಲೇ ಸಿಗುತ್ತವೆ.